ಪಚ್ಚಿಲೆ ಮರಿ ಉತ್ಪಾದನೆ: ಉಷ್ಣವಲಯದ ಹ್ಯಾಚರಿಯಲ್ಲಿ ಡಿಂಭಗಳ ಸಾಕಣೆ

ಕಡಲ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ತೊಟ್ಟಿಯಲ್ಲಿ ಮೊಟ್ಟೆಯಿಡಿಸಿ, ಅದರಿಂದ ಹುಟ್ಟಿದ ಡಿಂಭಗಳನ್ನು, ಅಂದರೆ ಲಾರ್ವಾಗಳನ್ನು, ಸೂಕ್ಷ್ಮಪಾಚಿ ಉಣಿಸಿ ಸಾಕಿ, ಹಗ್ಗಕ್ಕೆ ಕಟ್ಟಲು ಯೋಗ್ಯವಾದ ಬಿತ್ತನೆ ಮರಿಗಳನ್ನಾಗಿ ಮಾಡುವ ಕ್ರಮಕ್ಕೆ ಪಚ್ಚಿಲೆ ಮರಿ ಉತ್ಪಾದನೆ ಎನ್ನುತ್ತಾರೆ. ಈ ಕೆಲಸ ನಡೆಯುವ ಸ್ಥಳವೇ ಚಿಪ್ಪು ಹ್ಯಾಚರಿ. ಭಾರತ, ಥಾಯ್ಲೆಂಡ್, ಫಿಲಿಪೈನ್ಸ್ ಮೊದಲಾದ ಉಷ್ಣವಲಯದ ದೇಶಗಳಲ್ಲಿ ಇದಕ್ಕೆ ಮುಖ್ಯವಾಗಿ ಬಳಕೆಯಾಗುವುದು ಹಸಿರು ಪಚ್ಚಿಲೆ. ಇದರ ವೈಜ್ಞಾನಿಕ ಹೆಸರು ಪರ್ನಾ ವಿರಿಡಿಸ್. ಅಂಡವು ಫಲಿತವಾದಂದಿನಿಂದ ಮರಿ ಗಟ್ಟಿ ಆಸರೆಗೆ ಅಂಟಿಕೊಳ್ಳುವವರೆಗೆ ಸುಮಾರು ಎರಡರಿಂದ ಮೂರು ವಾರ ಹಿಡಿಯುತ್ತದೆ. ಕಣ್ಣಿಗೆ ಕಾಣದ ಡಿಂಭವು ಉಗುರಿನಷ್ಟು ಮರಿಯಾಗಲು ಮತ್ತೆ ಒಂದೆರಡು ತಿಂಗಳು ಬೇಕು. ಮೊದಲ ಘಟ್ಟದ ಜೀವವಿಜ್ಞಾನ ಇಂದು ಬಹುಮಟ್ಟಿಗೆ ಕೈವಶವಾಗಿದೆ. ಹ್ಯಾಚರಿ ಲಾಭದಾಯಕ ಆಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಎರಡನೆಯ ಘಟ್ಟದಲ್ಲಿ.

ಜೀವಿಯ ಪರಿಚಯ

ಪಚ್ಚಿಲೆ ಮೃದ್ವಂಗಿಗಳ ವಂಶಕ್ಕೆ ಸೇರಿದ ಎರಡು ಕವಾಟಗಳ ಪ್ರಾಣಿ. ಕರ್ನಾಟಕ ಕರಾವಳಿಯ ಕೆಲವೆಡೆ ಇದನ್ನು ನೀಲಿಕಲ್ಲು ಎಂದೂ, ಉತ್ತರ ಕೇರಳದಲ್ಲಿ ಕಲ್ಲುಮ್ಮಕ್ಕಾಯಿ ಎಂದೂ ಕರೆಯುತ್ತಾರೆ. ಎಳೆಯ ಚಿಪ್ಪಿನ ಹೊರಮೈ ಹೊಳೆಯುವ ಹಸಿರು. ಬೆಳೆದಂತೆ ಕಂದು ಛಾಯೆ ಬೆರೆತರೂ ಅಂಚಿನಲ್ಲಿ ಹಸಿರು ಉಳಿದಿರುತ್ತದೆ. ಪರ್ಷಿಯನ್ ಕೊಲ್ಲಿಯಿಂದ ಹಿಡಿದು ಭಾರತದ ಎರಡೂ ಕರಾವಳಿ, ಆಗ್ನೇಯ ಏಷ್ಯಾ ಮತ್ತು ದಕ್ಷಿಣ ಚೀನಾದವರೆಗೆ ಇದರ ಸಹಜ ನೆಲೆ ಹಬ್ಬಿದೆ. ಕೊಲ್ಲಂನಿಂದ ಕನ್ಯಾಕುಮಾರಿಯ ಆಚೆಯವರೆಗಿನ ಕಲ್ಲುತೀರದಲ್ಲಿ ಇದರ ಸೋದರ ಜಾತಿಯಾದ ಕಂದು ಪಚ್ಚಿಲೆ ಹೇರಳವಾಗಿದೆ.

ಪಚ್ಚಿಲೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಚಿಪ್ಪು ಬಿಡಿಸಿದಾಗ ಬಲಿತ ಗಂಡಿನ ಮಾಂಸ ಕೆನೆಬಿಳಿ, ಹೆಣ್ಣಿನದು ಕಿತ್ತಳೆ ಕೆಂಪು. ಕಿವಿರುಗಳ ಮೂಲಕ ನೀರು ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮಪಾಚಿಯನ್ನು ಸೋಸಿ ತಿನ್ನುವುದು ಇದರ ಆಹಾರ ಕ್ರಮ. ಕಾಲಿನ ಬುಡದ ಗ್ರಂಥಿಯಿಂದ ಸ್ರವಿಸುವ ಬಿಸಸ್ ಎಂಬ ಗಟ್ಟಿ ಎಳೆಗಳಿಂದ ಬಂಡೆಗೆ ಕಚ್ಚಿಕೊಳ್ಳುತ್ತದೆ. ನೀರಿನೊಳಗೂ ಹಿಡಿತ ಬಿಡದ ಈ ಅಂಟಿನ ಗುಟ್ಟು ಡೋಪಾ ಎಂಬ ಅಮೈನೊ ಆಮ್ಲ ಹೇರಳವಾಗಿರುವ ಪ್ರೋಟೀನುಗಳಲ್ಲಿದೆ. ಬಿಸಸ್ ಎಳೆಯಿಂದಲೇ ಪಚ್ಚಿಲೆಯನ್ನು ಹಗ್ಗದ ಮೇಲೆ ಬೆಳೆಸಲು ಸಾಧ್ಯವಾಗಿದೆ.

ಹ್ಯಾಚರಿಯ ಅಗತ್ಯ

ಜಗತ್ತಿನ ಪಚ್ಚಿಲೆ ಕೃಷಿಯ ಬಹುಪಾಲು ಇಂದಿಗೂ ಕಡಲೇ ಕೊಟ್ಟ ಮರಿಯ ಮೇಲೆ ನಿಂತಿದೆ. ಸ್ಪೇನಿನ ಗಲೀಸಿಯಾದಲ್ಲಿ ಬಂಡೆಗಳಿಂದ ಕೆರೆದು ತಂದ ಮರಿಯನ್ನೂ, ಕಡಲಲ್ಲಿ ಇಳಿಬಿಟ್ಟ ಹಗ್ಗಕ್ಕೆ ತಾನಾಗಿ ಅಂಟಿದ ಮರಿಯನ್ನೂ ಬಳಸುತ್ತಾರೆ. ನ್ಯೂಜಿಲೆಂಡಿನ ಕೃಷಿಕರು ದಶಕಗಳ ಕಾಲ ನೈಂಟಿ ಮೈಲ್ ಬೀಚಿನಲ್ಲಿ ಕಡಲಕಳೆಯ ಜೊತೆ ದಡಕ್ಕೆ ಬಂದು ಬೀಳುವ ಮರಿಯನ್ನೇ ನೆಚ್ಚಿಕೊಂಡಿದ್ದರು. ಫಿಲಿಪೈನ್ಸಿನ ಬಕೋರ್ ಕೊಲ್ಲಿಯಲ್ಲಿ ಬಿದಿರು ಗಳಗಳನ್ನು ನೆಟ್ಟು ಮರಿ ಹಿಡಿಯುವ ಪದ್ಧತಿ 1950ರ ದಶಕದಿಂದ ಬೆಳೆದುಬಂತು. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಕೃಷಿಕರು ಉಬ್ಬರವಿಳಿತದ ನಡುವಿನ ಬಂಡೆಗಳಿಂದ ಕಿತ್ತ ಮರಿಯನ್ನು ಕೊಂಡು ಹಗ್ಗಕ್ಕೆ ಕಟ್ಟುತ್ತಾರೆ.

ಈ ವ್ಯವಸ್ಥೆಗೆ ಮೂರು ತೊಡಕುಗಳಿವೆ. ಮೊದಲನೆಯದು ಅನಿಶ್ಚಿತತೆ. ಒಂದು ವರ್ಷ ಬಂಡೆಯ ಮೇಲೆ ಹಾಸಿದಂತೆ ಬಂದ ಮರಿ ಮರುವರ್ಷ ತೆಳುವಾಗಬಹುದು. ಎರಡನೆಯದು ಸಮಯ. ಭಾರತದ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಮುಂಗಾರಿನ ಹೊತ್ತಿಗೆ ನೀರು ಹೆಚ್ಚುಕಡಿಮೆ ಸಿಹಿಯಾಗಿಬಿಡುತ್ತದೆ. ಪಚ್ಚಿಲೆ ಅದರಲ್ಲಿ ಬದುಕದು. ಮಳೆ ನಿಂತು ಲವಣಾಂಶ ಏರಿದ ಮೇಲೆ, ಅಂದರೆ ನವೆಂಬರ್ ಡಿಸೆಂಬರಿನಲ್ಲಿ ಹಗ್ಗ ಇಳಿಸಿ, ಜೂನಿನ ಮಳೆಗೆ ಮುಂಚೆ ಕೊಯ್ಲು ಮುಗಿಸಬೇಕು. ಮರಿ ಸಿಗುವುದು ಜನವರಿಗೆ ಜಾರಿದರೆ ಮಾರುಕಟ್ಟೆಯ ಗಾತ್ರ ಬರುವ ಮೊದಲೇ ಮಳೆ ಹಿಡಿಯುತ್ತದೆ. ಮೂರನೆಯದು ಬಂಡೆಗಳ ಮೇಲಿನ ಒತ್ತಡ. ಮುಳುಗು ಹಾಕಿ ಬಲಿತ ಪಚ್ಚಿಲೆ ತೆಗೆದು ಬದುಕುವವರಿಗೆ ಮರಿಯನ್ನು ಕೆರೆದೊಯ್ಯುವುದೆಂದರೆ ಮುಂದಿನ ವರ್ಷದ ಹಿಡಿತವನ್ನೇ ಒಯ್ದಂತೆ. ಬಿತ್ತನೆಗಾಗಿ ಮರಿ ಕೀಳುವವರಿಗೂ ಇವರಿಗೂ ಜಗಳವಾಗಿರುವುದು ಇದೇ ಕಾರಣಕ್ಕೆ. ಬೇಕಾದ ಗಾತ್ರದ ಮರಿಯನ್ನು ಬೇಕಾದ ತಿಂಗಳಲ್ಲಿ, ಬಂಡೆಯನ್ನು ಮುಟ್ಟದೆ ಒದಗಿಸುವುದು ಹ್ಯಾಚರಿಯ ಗುರಿ.

ವಿಕಾಸದ ಹಾದಿ

ಚಿಪ್ಪುಜೀವಿಗಳ ಕೃತಕ ಸಂತಾನೋತ್ಪತ್ತಿಯ ಇತಿಹಾಸ ಸಿಂಪಿಯಿಂದ ಆರಂಭವಾಗುತ್ತದೆ. 1879ರಲ್ಲಿ ಅಮೆರಿಕದ ವಿಲಿಯಂ ಬ್ರೂಕ್ಸ್ ಸಿಂಪಿಯ ಅಂಡಗಳನ್ನು ಪ್ರಯೋಗಾಲಯದಲ್ಲಿ ಫಲಿತಗೊಳಿಸಿದ. ಆದರೆ ಡಿಂಭಗಳನ್ನು ಉಳಿಸಿಕೊಳ್ಳುವ ಉಪಾಯ ಬಹುಕಾಲ ಯಾರಿಗೂ ಹೊಳೆಯಲಿಲ್ಲ. ನೀರು ಬದಲಿಸಿದರೆ ಅವೂ ಹರಿದುಹೋಗುತ್ತಿದ್ದವು, ಬದಲಿಸದಿದ್ದರೆ ಸಾಯುತ್ತಿದ್ದವು. 1920ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ವಿಲಿಯಂ ವೆಲ್ಸ್ ಡಿಂಭಗಳನ್ನು ಅಂಟಿಕೊಳ್ಳುವ ಹಂತದವರೆಗೆ ತಂದ. ಮುಂದೆ ಕನೆಕ್ಟಿಕಟ್ ರಾಜ್ಯದ ಮಿಲ್‌ಫರ್ಡ್ ಪ್ರಯೋಗಾಲಯದಲ್ಲಿ ವಿಕ್ಟರ್ ಲೂಸನಾಫ್ ಮತ್ತು ಹ್ಯಾರಿ ಡೇವಿಸ್ ತಾಯಿಚಿಪ್ಪುಗಳನ್ನು ಹದಗೊಳಿಸುವ, ತಾಪ ಏರಿಸಿ ಮೊಟ್ಟೆಯಿಡಿಸುವ, ಶುದ್ಧ ಪಾಚಿ ಉಣಿಸುವ ಕ್ರಮಗಳನ್ನು ಒಟ್ಟುಗೂಡಿಸಿ 1963ರಲ್ಲಿ ಪ್ರಕಟಿಸಿದ ಪ್ರಬಂಧ ಚಿಪ್ಪು ಹ್ಯಾಚರಿಗಳಿಗೆಲ್ಲ ಬುನಾದಿಯಾಯಿತು.

ಭಾರತದಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1970ರ ದಶಕದ ಆರಂಭದಲ್ಲಿ ಪಚ್ಚಿಲೆಯ ಹಗ್ಗ ಕೃಷಿಯ ಪ್ರಯೋಗಗಳನ್ನು ಕೈಗೊಂಡಿತು. 1981ರಲ್ಲಿ ಅದರ ತೂತ್ತುಕುಡಿ ಕೇಂದ್ರದಲ್ಲಿ ಮುತ್ತಿನ ಸಿಂಪಿಯ ಡಿಂಭಗಳನ್ನು ಮರಿಯಾಗಿಸುವಲ್ಲಿ ವಿಜ್ಞಾನಿಗಳು ಯಶಸ್ವಿಯಾದರು. ಬೆಚ್ಚಗಿನ ಕಡಲ ನೀರಿಗೆ ಹೊಂದುವ ತೊಟ್ಟಿ, ಸೋಸುವಿಕೆ, ಪಾಚಿ ಕೃಷಿಗಳ ವಿಧಾನ ಅಲ್ಲಿ ರೂಪುಗೊಂಡಿತು. ಅದೇ ದಶಕದಲ್ಲಿ ಕೇರಳದ ವಿಳಿಂಜಂನಲ್ಲಿ ಕಂದು ಪಚ್ಚಿಲೆ, ಚೆನ್ನೈ ಸಮೀಪದ ಕೋವಳಂನಲ್ಲಿ ಹಸಿರು ಪಚ್ಚಿಲೆಯ ಮರಿ ಉತ್ಪಾದನೆಯ ಪ್ರಯೋಗಗಳು ನಡೆದವು. ನ್ಯೂಜಿಲೆಂಡಿನಲ್ಲಿ ಹಸಿರುತುಟಿಯ ಪಚ್ಚಿಲೆಗಾಗಿ ನೆಲ್ಸನ್ ನಗರದಲ್ಲಿ 2015ರಲ್ಲಿ ವಾಣಿಜ್ಯ ಹ್ಯಾಚರಿ ಆರಂಭವಾದುದು ಈ ಕ್ಷೇತ್ರದ ದೊಡ್ಡ ಹೆಜ್ಜೆ.

ನೆಲೆ ಮತ್ತು ನೀರು

ಹ್ಯಾಚರಿಗೆ ಸ್ಥಳ ಆರಿಸುವಾಗ ಮೊದಲು ನೋಡುವುದು ನೀರನ್ನು. ಪಚ್ಚಿಲೆಯ ಡಿಂಭಗಳಿಗೆ ಸಾವಿರ ಭಾಗಕ್ಕೆ 30ರಿಂದ 35 ಭಾಗ ಉಪ್ಪಿರುವ, 26ರಿಂದ 30 ಡಿಗ್ರಿ ಸೆಲ್ಸಿಯಸ್ ತಾಪದ, ಕೆಸರಿಲ್ಲದ ನೀರು ಬೇಕು. ನದೀಮುಖ, ಬಂದರು, ಕಾರ್ಖಾನೆಯ ಹೊರಹರಿವು, ಗದ್ದೆಯ ಕೀಟನಾಶಕ ಸೇರುವ ತೋಡು ಇವುಗಳಿಂದ ದೂರವಿರಬೇಕು. ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ನಾಲ್ಕು ತಿಂಗಳು ಕಡಲ ಅಂಚಿನ ನೀರು ಕದಡಿ, ಉಪ್ಪೂ ತಗ್ಗುವುದರಿಂದ ಅಲ್ಲಿನ ಹ್ಯಾಚರಿಗಳಿಗೆ ನೀರಿನ ದಾಸ್ತಾನು ಮತ್ತು ಸೋಸುವಿಕೆ ದೊಡ್ಡ ಹೊಣೆ. ಪೂರ್ವ ಕರಾವಳಿಯ ತೂತ್ತುಕುಡಿಯಂಥ ಕಡೆ ಈ ಕಷ್ಟ ಕಡಿಮೆ.

ಸೇದಿದ ನೀರನ್ನು ಮರಳಿನ ಹಾಸಿನ ಮೂಲಕ ಹರಿಸಿ, ಆಮೇಲೆ 5 ಮೈಕ್ರಾನ್ ಮತ್ತು 1 ಮೈಕ್ರಾನ್ ರಂಧ್ರಗಳ ಸೋಸುಕಗಳಿಗೆ ಒಡ್ಡಿ, ಕೊನೆಗೆ ನೇರಳಾತೀತ ಕಿರಣದಡಿ ಹಾಯಿಸುತ್ತಾರೆ. ಕೊಳವೆ, ನಲ್ಲಿ, ಪಂಪುಗಳಲ್ಲಿ ತಾಮ್ರ, ಹಿತ್ತಾಳೆ ಇರಕೂಡದು. ನೀರಿಗಿಳಿದ ತಾಮ್ರದ ಅತ್ಯಲ್ಪ ಅಂಶವೂ ಡಿಂಭಗಳಿಗೆ ವಿಷ. ಹೊಸ ಸಿಮೆಂಟ್ ಮತ್ತು ಫೈಬರ್‌ಗ್ಲಾಸ್ ತೊಟ್ಟಿಗಳನ್ನು ಹಲವು ವಾರ ನೀರಲ್ಲಿ ನೆನೆಸಿ, ಬದಲಿಸಿ, ಅವುಗಳಿಂದ ಸೋರುವ ರಾಸಾಯನಿಕಗಳು ತೊಳೆದುಹೋದ ಮೇಲೆಯೇ ಬಳಕೆಗೆ ತರುತ್ತಾರೆ.

ಪಾಚಿ ಕೃಷಿ

ಹ್ಯಾಚರಿಯ ಜಾಗ, ವಿದ್ಯುತ್ತು, ಕೈಕೆಲಸದ ದೊಡ್ಡ ಪಾಲು ಡಿಂಭಗಳಿಗಲ್ಲ, ಅವು ತಿನ್ನುವ ಪಾಚಿಗೆ ಸಲ್ಲುತ್ತದೆ. ಡಿಂಭದ ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ತೆಳು ಕೋಶಭಿತ್ತಿಯ, ಒಳ್ಳೆಯ ಕೊಬ್ಬಿನಾಮ್ಲಗಳಿರುವ ಪಾಚಿಯೇ ಬೇಕು. ಐಸೊಕ್ರೈಸಿಸ್ ಮತ್ತು ಪಾವ್ಲೋವಾ ಕುಲದ ಚಲಿಸುವ ಪಾಚಿಗಳು ಡಿಎಚ್‌ಎ ಎಂಬ ಕೊಬ್ಬಿನಾಮ್ಲವನ್ನೂ, ಕೀಟೊಸೆರಾಸ್ ಎಂಬ ಡಯಾಟಮ್ ಇಪಿಎಯನ್ನೂ ಒದಗಿಸುತ್ತವೆ. ಇವನ್ನು ಬೆರೆಸಿ ಉಣಿಸಿದಾಗ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಬೆಳವಣಿಗೆ ಚೆನ್ನ. ನ್ಯಾನೊಕ್ಲೊರಾಪ್ಸಿಸ್ ಸುಲಭವಾಗಿ ಬೆಳೆದರೂ ಅದರ ದಪ್ಪ ಭಿತ್ತಿಯಿಂದಾಗಿ ಎಳೆಯ ಡಿಂಭಕ್ಕೆ ಜೀರ್ಣವಾಗುವುದು ಕಷ್ಟ.

ಐಸೊಕ್ರೈಸಿಸ್ ಗಲ್ಬಾನಾ ಮೂಲತಃ ತಂಪು ಕಡಲಿನದು. ಬ್ರಿಟನ್ನಿನ ಮೇರಿ ಪಾರ್ಕ್ ಅದನ್ನು 1949ರಲ್ಲಿ ವರ್ಣಿಸಿದರು. ಬಿಸಿ ಏರಿದರೆ ಅದು ಸೊರಗುತ್ತದೆ. ಉಷ್ಣವಲಯದ ಹ್ಯಾಚರಿಗಳಿಗೆ ಒದಗಿಬಂದದ್ದು ತಾಹಿತಿಯಿಂದ ಪಡೆದ, 30 ಡಿಗ್ರಿಯ ಆಸುಪಾಸಿನಲ್ಲೂ ಬೆಳೆಯುವ ತಳಿ. ಅದಕ್ಕೆ 2013ರಿಂದ ಟಿಸೊಕ್ರೈಸಿಸ್ ಲೂಟಿಯಾ ಎಂಬ ಬೇರೆ ಹೆಸರಿದೆ.

ಪಾಚಿಯ ಮೂಲತಳಿಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ, ಕೊಳವೆಬೆಳಕಿನ ಮುಂದೆ ಸಣ್ಣ ಗಾಜಿನ ಕುಪ್ಪಿಗಳಲ್ಲಿ ಕಾಪಾಡುತ್ತಾರೆ. ನೈಟ್ರೇಟ್, ಫಾಸ್ಫೇಟ್, ಕಬ್ಬಿಣ, ವಿಟಮಿನ್ ಬೆರೆಸಿದ ಪೋಷಕ ದ್ರಾವಣ ಅವಕ್ಕೆ ಗೊಬ್ಬರ. ಕುಪ್ಪಿಯಿಂದ ಲೀಟರಿನ ಫ್ಲಾಸ್ಕಿಗೆ, ಅಲ್ಲಿಂದ 20 ಲೀಟರಿನ ಕ್ಯಾನಿಗೆ, ಕೊನೆಗೆ ನೂರಾರು ಲೀಟರಿನ ತೊಟ್ಟಿಗೆ ಹಂತಹಂತವಾಗಿ ಪಾಚಿಯನ್ನು ಹೆಚ್ಚಿಸುತ್ತ ಹೋಗುವುದು ಕ್ರಮ. ಬೇಡಿಕೆಯ ಪ್ರಮಾಣ ಲೆಕ್ಕ ಹಾಕಿದರೆ ಮನದಟ್ಟಾಗುತ್ತದೆ. ಒಂದು ಕೋಟಿ ಡಿಂಭಗಳಿಗೆ ತಲಾ ದಿನಕ್ಕೆ 10,000 ಕೋಶಗಳಂತೆ ಕೊಡುವುದಾದರೆ ಬೇಕಾಗುವುದು 10,000 ಕೋಟಿ ಕೋಶ. ಮಿಲಿಲೀಟರಿಗೆ 10 ಲಕ್ಷ ಕೋಶಗಳಿರುವ ಸಾಂದ್ರ ಪಾಚಿನೀರು 100 ಲೀಟರ್ ಇದ್ದರೆ ಒಂದು ದಿನದ ಊಟ. ಅದು ಒಂದು ದಿನವೂ ತಪ್ಪಬಾರದು. ಪಾಚಿ ಕುಸಿದ ದಿನ ಡಿಂಭಗಳ ಬೆಳವಣಿಗೆ ನಿಲ್ಲುತ್ತದೆ; ಕುಸಿದು ಕೊಳೆತ ಪಾಚಿಯನ್ನು ಉಣಿಸಿದರೆ ತೊಟ್ಟಿಯೇ ಹಾಳಾಗುತ್ತದೆ.

ತಾಯಿಚಿಪ್ಪು ಮತ್ತು ಮೊಟ್ಟೆಯಿಡಿಸುವಿಕೆ

ಪಶ್ಚಿಮ ಕರಾವಳಿಯಲ್ಲಿ ಪಚ್ಚಿಲೆ ಮುಖ್ಯವಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಡ ಮತ್ತು ವೀರ್ಯಾಣುಗಳನ್ನು ನೀರಿಗೆ ಬಿಡುತ್ತದೆ. ಕಡಲು ಪ್ರಕ್ಷುಬ್ಧವಾಗಿರುವ ಆ ದಿನಗಳಲ್ಲಿ ಬಂಡೆಗಳ ಬಳಿ ಹೋಗುವುದು ಅಪಾಯ. ಹಾಗಾಗಿ ಮಳೆಗೆ ಮುಂಚೆಯೇ ಆರೋಗ್ಯವಂತ ಚಿಪ್ಪುಗಳನ್ನು ಆರಿಸಿ ತಂದು, ಮೇಲೆ ಕಟ್ಟಿಕೊಂಡ ಪಾಚಿ, ಬಾರ್ನಕಲ್, ಹುಳುಗಳನ್ನು ಕೆರೆದು ತೊಳೆದು, ತುಸು ತಂಪಾದ ನೀರಿನಲ್ಲಿಟ್ಟು ಹೊಟ್ಟೆತುಂಬ ಪಾಚಿ ಉಣಿಸುತ್ತಾರೆ. ತಂಪು ನೀರಿನಲ್ಲಿ ಅವು ಬಲಿಯುತ್ತವೆ, ಆದರೆ ಅಕಾಲದಲ್ಲಿ ಮೊಟ್ಟೆ ಚೆಲ್ಲುವುದಿಲ್ಲ. ಹೀಗೆ ಹದಗೊಳಿಸಿದ ಚಿಪ್ಪುಗಳಿಂದ ಸಹಜ ಋತುವಿನ ಆಚೆಗೂ ಮರಿ ಪಡೆಯಬಹುದು.

ಮೊಟ್ಟೆಯಿಡಿಸಲು ಹೆಚ್ಚು ಬಳಕೆಯಲ್ಲಿರುವುದು ತಾಪದ ಪ್ರಚೋದನೆ. ಚಿಪ್ಪುಗಳನ್ನು ಕೆಲವು ಗಂಟೆ ನೆರಳಿನಲ್ಲಿ ನೀರಿಲ್ಲದೆ ಇಟ್ಟು, ಆಮೇಲೆ ವಾಡಿಕೆಗಿಂತ ನಾಲ್ಕಾರು ಡಿಗ್ರಿ ಬೆಚ್ಚಗಿನ ನೀರಿಗೂ ಸಾಮಾನ್ಯ ನೀರಿಗೂ ಸರದಿಯಂತೆ ಬದಲಿಸುತ್ತಾರೆ. ಸಾಮಾನ್ಯವಾಗಿ ಗಂಡು ಮೊದಲು ಸ್ಪಂದಿಸಿ ಹಾಲಿನಂಥ ಧಾರೆ ಬಿಡುತ್ತದೆ. ಅದರ ತುಸು ಅಂಶ ನೀರಿನಲ್ಲಿ ಬೆರೆತರೆ ಹೆಣ್ಣುಗಳೂ ಪ್ರಚೋದಿತವಾಗಿ ಕಿತ್ತಳೆ ಬಣ್ಣದ ಹರಳು ಹರಳಾದ ಅಂಡರಾಶಿಯನ್ನು ಹೊರಹಾಕುತ್ತವೆ. ಇದಕ್ಕೂ ಒಪ್ಪದ ಚಿಪ್ಪುಗಳಿಗೆ ಹೈಡ್ರೊಜನ್ ಪೆರಾಕ್ಸೈಡ್ ಅಥವಾ ಸೆರೊಟೋನಿನ್ ಬಳಸುವುದುಂಟು. ಬಲಿಯದ ಚಿಪ್ಪಿಗೆ ಯಾವ ಪ್ರಚೋದನೆಯೂ ನಾಟದು. ಬಲವಂತದಿಂದ ಪಡೆದ ಅಂಡಗಳು ಉಳಿಯುವುದೂ ಕಡಿಮೆ.

ಸ್ಪಂದಿಸಿದ ಪ್ರತಿಯೊಂದು ಚಿಪ್ಪನ್ನೂ ಕೂಡಲೇ ಬೇರೆ ಬೇರೆ ಪಾತ್ರೆಗೆ ವರ್ಗಾಯಿಸುತ್ತಾರೆ. ಒಂದು ದೊಡ್ಡ ಹೆಣ್ಣು ಒಂದೇ ಸಲಕ್ಕೆ ಹತ್ತಾರು ಲಕ್ಷ ಅಂಡಗಳನ್ನು ಕೊಡಬಲ್ಲದು. ಅಂಡದ ಅಡ್ಡಳತೆ ಸುಮಾರು 50 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಇಂಥ 20 ಅಂಡಗಳನ್ನು ಸಾಲಾಗಿ ಇಡಬಹುದು. ಅಂಡಗಳಿಗೆ ಹಿತಮಿತವಾಗಿ ವೀರ್ಯಾಣುಗಳನ್ನು ಬೆರೆಸುವುದು ಮುಖ್ಯ. ಹೆಚ್ಚಾದರೆ ಒಂದೇ ಅಂಡಕ್ಕೆ ಹಲವು ವೀರ್ಯಾಣುಗಳು ನುಗ್ಗಿ ಭ್ರೂಣ ವಿಕಾರವಾಗುತ್ತದೆ. ಆದ್ದರಿಂದ ಫಲಿತವಾದ ಅಂಡಗಳನ್ನು ಸಣ್ಣ ಜಾಲರಿಯ ಮೇಲೆ ಶುದ್ಧ ಕಡಲ ನೀರಿನಿಂದ ತೊಳೆದು ಉಳಿದ ವೀರ್ಯಾಣುಗಳನ್ನು ತೆಗೆದುಹಾಕುತ್ತಾರೆ.

ಡಿಂಭಾವಸ್ಥೆ

28 ಡಿಗ್ರಿಯ ಆಸುಪಾಸಿನಲ್ಲಿ ಫಲಿತ ಅಂಡ ಅರ್ಧ ಗಂಟೆಯ ಸುಮಾರಿಗೆ ಎರಡಾಗಿ ಸೀಳುತ್ತದೆ. ಒಂದು ಕೋಶ ದೊಡ್ಡದು, ಇನ್ನೊಂದು ಚಿಕ್ಕದು. ಕೆಲವೇ ಗಂಟೆಗಳಲ್ಲಿ ಲೋಮಾಂಗಗಳು ಮೂಡಿ ಭ್ರೂಣ ತಿರುಗತೊಡಗುತ್ತದೆ. ಇದು ಟ್ರೊಕೊಫೋರ್ ಹಂತ. ಇದಕ್ಕಿನ್ನೂ ಬಾಯಿಯಿಲ್ಲ, ಅಂಡದಲ್ಲಿದ್ದ ಕೊಬ್ಬೇ ಆಹಾರ. ತಾಯಿಗೆ ಉಣಿಸಿದ ಪಾಚಿಯ ಗುಣ ಮರಿಯ ಅಳಿವು ಉಳಿವನ್ನು ನಿರ್ಧರಿಸುವುದು ಇಲ್ಲಿಯೇ.

ಮೊದಲ ದಿನ ಮುಗಿಯುವ ಹೊತ್ತಿಗೆ ಡಿಂಭದ ಎರಡೂ ಬದಿಗೆ ಪಾರದರ್ಶಕ ಚಿಪ್ಪು ಬಂದು, ಇಂಗ್ಲಿಷಿನ ಡಿ ಅಕ್ಷರದ ಆಕಾರ ತಾಳುತ್ತದೆ. ಆಗ ಉದ್ದ ಸುಮಾರು 70ರಿಂದ 80 ಮೈಕ್ರಾನ್. ಚಿಪ್ಪಿನಿಂದ ಹೊರಚಾಚುವ ವೀಲಮ್ ಎಂಬ ಲೋಮಯುಕ್ತ ಅಂಗದಿಂದ ಡಿಂಭ ಈಜುತ್ತದೆ, ಅದರಿಂದಲೇ ಪಾಚಿಯನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ. ಈ ವೆಲಿಜರ್ ಹಂತದಿಂದ ಆಹಾರ ಕೊಡುವುದು ಆರಂಭ. ಒಂದು ವಾರದ ಸುಮಾರಿಗೆ ಚಿಪ್ಪಿನ ನೇರ ಅಂಚು ಉಬ್ಬಿ ಅಂಬೊ ಎಂಬ ಭಾಗ ಮೂಡುತ್ತದೆ, ಆಕಾರ ದುಂಡಗಾಗುತ್ತದೆ. ಎರಡು ವಾರ ದಾಟಿದಾಗ ಕಿವಿರಿನ ಬುಡದಲ್ಲಿ ಕರಿಯ ಚುಕ್ಕೆಯಂಥ ಕಣ್ಣು ಕಾಣಿಸುತ್ತದೆ. ಆಮೇಲೆ ಕಾಲು ಬೆಳೆಯುತ್ತದೆ. ವೀಲಮ್ಮೂ ಕಾಲೂ ಎರಡೂ ಇರುವ, 250ರಿಂದ 300 ಮೈಕ್ರಾನ್ ಉದ್ದದ ಈ ಡಿಂಭಕ್ಕೆ ಪೆಡಿವೆಲಿಜರ್ ಎಂದು ಹೆಸರು. ಇದು ಕ್ಷಣಹೊತ್ತು ಈಜಿ, ಕ್ಷಣಹೊತ್ತು ತೆವಳಿ ನೆಲೆ ಹುಡುಕುತ್ತದೆ.

ಸಮಶೀತೋಷ್ಣ ಕಡಲಿನ ನೀಲಿ ಪಚ್ಚಿಲೆಗೆ ಇಷ್ಟು ದೂರ ಬರಲು ಮೂರರಿಂದ ಐದು ವಾರ ಬೇಕಾದರೆ, ಉಷ್ಣವಲಯದಲ್ಲಿ ಎರಡರಿಂದ ಮೂರು ವಾರ ಸಾಕು. ಬೆಚ್ಚಗಿನ ನೀರು ದಿನಗಳನ್ನು ಉಳಿಸುತ್ತದೆ. ಆದರೆ ಬ್ಯಾಕ್ಟೀರಿಯಾಗಳ ಪಾಲಿಗೂ ಅದೇ ನೀರು ಹಿತ. ಹೀಗಾಗಿ ಉಷ್ಣವಲಯದ ಹ್ಯಾಚರಿಯಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯವೂ ಕಡಿಮೆ; ಬೆಳಿಗ್ಗೆ ತೊಟ್ಟಿಯಲ್ಲಿ ಚುರುಕಾಗಿದ್ದ ಡಿಂಭಗಳು ಮರುದಿನದ ಹೊತ್ತಿಗೆ ತಳಕ್ಕಿಳಿದಿರಬಹುದು.

ಆರಂಭದಲ್ಲಿ ಮಿಲಿಲೀಟರಿಗೆ 5ರಿಂದ 10 ಡಿಂಭಗಳಂತೆ ತುಂಬಿ, ಬೆಳೆದಂತೆಲ್ಲ ಸಾಂದ್ರತೆ ಇಳಿಸುತ್ತಾರೆ. ದಿನ ಬಿಟ್ಟು ದಿನ ತೊಟ್ಟಿಯ ನೀರನ್ನು ಪೂರ್ತಿ ಇಳಿಸಿ, ಡಿಂಭಗಳನ್ನು ಜಾಲರಿಯಲ್ಲಿ ಹಿಡಿದು, ತೊಳೆದ ಹೊಸ ತೊಟ್ಟಿಗೆ ಬಿಡುವುದು ವಾಡಿಕೆ. ಮೊದಲಿಗೆ 40 ಮೈಕ್ರಾನಿನ ಜಾಲರಿ, ಆಮೇಲೆ 60, 80, 100, 150 ಎಂದು ರಂಧ್ರದ ಅಳತೆ ಏರುತ್ತದೆ. ಇದು ಸ್ವಚ್ಛತೆಯ ಜೊತೆಗೆ ಆಯ್ಕೆಯ ಕೆಲಸವೂ ಹೌದು. ಅಕ್ಕಿ ಜರಡಿ ಹಿಡಿದಾಗ ನುಚ್ಚು ಕೆಳಗಿಳಿಯುವಂತೆ, ಹಿಂದೆ ಬಿದ್ದ ಡಿಂಭಗಳು ಜಾಲರಿಯಿಂದ ಜಾರಿಹೋಗುತ್ತವೆ. ಒಂದೇ ವೇಗದಲ್ಲಿ ಬೆಳೆದವು ಉಳಿಯುತ್ತವೆ. ಕುಂಟುತ್ತಿರುವ ಡಿಂಭಗಳನ್ನು ಕೈಬಿಡಲು ಹಿಂಜರಿದರೆ ರೋಗ ಅವುಗಳಿಂದಲೇ ಹಬ್ಬುತ್ತದೆ.

ಪ್ರತಿದಿನ ಸೂಕ್ಷ್ಮದರ್ಶಕದಲ್ಲಿ ಮಾದರಿ ನೋಡುವುದು ಹ್ಯಾಚರಿಯ ಕಡ್ಡಾಯ ನಿಯಮ. ಆರೋಗ್ಯವಂತ ಡಿಂಭ ಚುರುಕಾಗಿ ಈಜುತ್ತದೆ, ಅದರ ಹೊಟ್ಟೆಯಲ್ಲಿ ಕಂದುಬಣ್ಣದ ಪಾಚಿ ತುಂಬಿರುತ್ತದೆ. ಹೊಟ್ಟೆ ಖಾಲಿ, ವೀಲಮ್ ಹರಿದಿದೆ, ಚಿಪ್ಪಿನೊಳಗೆ ಸಿಲಿಯೇಟ್ ಜೀವಿಗಳು ಸುತ್ತುತ್ತಿವೆ ಎಂದಾದರೆ ಆ ತಂಡ ಮುಗಿದಂತೆ. ಡಿಂಭಗಳ ಸಾಮೂಹಿಕ ಸಾವಿಗೆ ಮುಖ್ಯ ಕಾರಣ ವಿಬ್ರಿಯೊ ಕುಲದ ಬ್ಯಾಕ್ಟೀರಿಯಾಗಳು. ಒಂದು ಕಾಲದಲ್ಲಿ ಇದಕ್ಕೆ ಕ್ಲೋರಂಫೆನಿಕಾಲ್‌ನಂಥ ಪ್ರತಿಜೀವಕ ಹಾಕುವ ರೂಢಿಯಿತ್ತು. ಆಹಾರಕ್ಕಾಗಿ ಸಾಕುವ ಜೀವಿಗಳಲ್ಲಿ ಅದರ ಬಳಕೆಗೆ ಈಗ ನಿಷೇಧವಿದೆ. ಶುದ್ಧ ಪಾಚಿ, ಒಣಗಿಸಿದ ತೊಟ್ಟಿ, ಮಿತವಾದ ಸಾಂದ್ರತೆ, ಉಪಕಾರಿ ಬ್ಯಾಕ್ಟೀರಿಯಾಗಳ ಬಳಕೆ ಇವೇ ಈಗಿನ ರಕ್ಷಣೆ.

ಅಂಟಿಕೊಳ್ಳುವಿಕೆ

ಪೆಡಿವೆಲಿಜರ್ ಹಂತದಲ್ಲಿ ಮರಿಗೆ ಆಸರೆ ಬೇಕು. ಪಚ್ಚಿಲೆಯ ಮರಿ ನುಣುಪಾದ ಮೇಲ್ಮೈಗಿಂತ ಎಳೆ ಎಳೆಯಾದ ಆಸರೆಯನ್ನು ಮೆಚ್ಚುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಹಿಂಜಿದ ನೈಲಾನ್ ಹಗ್ಗ, ತೆಂಗಿನ ನಾರಿನ ಹುರಿ, ಹಳೆಯ ಬಲೆಯ ತುಂಡುಗಳನ್ನು ಇಳಿಬಿಡುತ್ತಾರೆ. ಇವನ್ನು ಕೆಲವು ದಿನ ಕಡಲ ನೀರಲ್ಲಿ ನೆನೆಸಿ, ಮೇಲೆ ತೆಳುವಾದ ಜೈವಿಕ ಪದರ ಕಟ್ಟಿದ ಮೇಲೆ ಬಳಸಿದರೆ ಮರಿ ಹೆಚ್ಚು ಅಂಟುತ್ತದೆ. ಅಂಟಿದ ಮೇಲೆ ವೀಲಮ್ ಉದುರಿ, ಕಿವಿರು ಬೆಳೆದು, ವಯಸ್ಕ ರೂಪದ ಚಿಪ್ಪು ಹುಟ್ಟತೊಡಗುತ್ತದೆ. ಈ ರೂಪಾಂತರದ ದಿನಗಳಲ್ಲಿ ಈಜುವ ಅಂಗ ಹೋಗಿ ಸೋಸುವ ಅಂಗ ಇನ್ನೂ ಬಲಿಯದೆ ಇರುವುದರಿಂದ ಮರಿ ಸರಿಯಾಗಿ ತಿನ್ನಲಾರದು. ಡಿಂಭವಾಗಿದ್ದಾಗ ಕೂಡಿಟ್ಟ ಕೊಬ್ಬು ಸಾಲದಿದ್ದರೆ ಸಾವು ಇಲ್ಲಿ ಕಾದಿರುತ್ತದೆ.

ಸಿಂಪಿಯ ಮರಿ ಒಮ್ಮೆ ಸಿಮೆಂಟಿನಂತೆ ಕಚ್ಚಿಕೊಂಡರೆ ಅಲ್ಲಿಂದ ಕದಲದು. ಪಚ್ಚಿಲೆಯ ಮರಿಯ ಸ್ವಭಾವ ಬೇರೆ. 1964ರಲ್ಲಿ ಬ್ರಯಾನ್ ಬೇಯ್ನ್ ನೀಲಿ ಪಚ್ಚಿಲೆಯನ್ನು ಅಭ್ಯಸಿಸಿ ತೋರಿಸಿದಂತೆ, ಅದು ಮೊದಲು ಎಳೆಗಳಂಥ ಕಡಲಕಳೆಗೆ ತಾತ್ಕಾಲಿಕವಾಗಿ ಅಂಟಿ, ತುಸು ಬೆಳೆದ ಮೇಲೆ ಹಿಡಿತ ಬಿಟ್ಟು ಬೇರೆ ನೆಲೆಗೆ ಹೋಗುತ್ತದೆ. ಹೋಗುವಾಗ ತೆಳುವಾದ ಉದ್ದನೆಯ ಎಳೆ ಸ್ರವಿಸಿ ಪ್ರವಾಹದಲ್ಲಿ ತೇಲುತ್ತದೆ. ಕಡಲಿನಲ್ಲಿ ಮರಿಗೆ ಮೇಲಾದ ತಾಣವನ್ನು ದೊರಕಿಸುವ ಈ ಗುಣ ಹ್ಯಾಚರಿಗೆ ನಷ್ಟ ತರುತ್ತದೆ. ಹಗ್ಗದಲ್ಲಿದ್ದ ಮರಿ ತೊಟ್ಟಿಯ ಗೋಡೆಗೆ, ಗಾಳಿಯ ಕೊಳವೆಗೆ ಸರಿಯುತ್ತದೆ. ಕಡಲಿಗೆ ಒಯ್ದ ಮೇಲಂತೂ ಹಗ್ಗ ಬಿಟ್ಟು ತೇಲಿಹೋಗುತ್ತದೆ. ನ್ಯೂಜಿಲೆಂಡಿನ ಕೃಷಿಯಲ್ಲಿ ಬಿತ್ತಿದ ಎಳೆಮರಿಯ ಬಹುಪಾಲು ಹೀಗೆಯೇ ಕಳೆದುಹೋಗುವುದು ದೊಡ್ಡ ಸಮಸ್ಯೆಯಾಗಿದೆ.

ನರ್ಸರಿ

ಅಂಟಿಕೊಂಡ ಮರಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹಗ್ಗಕ್ಕೆ ಕಟ್ಟಲು ಬೇಕಾದದ್ದು 15ರಿಂದ 25 ಮಿಲಿಮೀಟರಿನ ಮರಿ. ಉದ್ದ 0.3ರಿಂದ 15 ಮಿಲಿಮೀಟರಿಗೆ ಏರುವುದೆಂದರೆ 50 ಪಟ್ಟು. ಆಕಾರ ಒಂದೇ ಎಂದಿಟ್ಟುಕೊಂಡರೆ ಮೈಯ ಗಾತ್ರ ಹೆಚ್ಚುವುದು 1,25,000 ಪಟ್ಟು. ಆಹಾರದ ಬೇಡಿಕೆಯೂ ಅದರ ಬೆನ್ನಹಿಂದೆಯೇ ಏರುತ್ತದೆ. ಒಂದು ಕೋಟಿ ಡಿಂಭಗಳನ್ನು ಸಾಕಬಲ್ಲ ಪಾಚಿ ಕೋಣೆ ಅಷ್ಟೇ ಸಂಖ್ಯೆಯ ಮರಿಗಳನ್ನು ಉಗುರಿನ ಗಾತ್ರಕ್ಕೆ ತರಲಾರದು. ಪಚ್ಚಿಲೆ ಹ್ಯಾಚರಿಯ ಅರ್ಥಶಾಸ್ತ್ರವೆಲ್ಲ ಈ ಅಂತರದಲ್ಲಿದೆ.

ಹಾಗಾಗಿ ಎಳೆಮರಿಯನ್ನು ಆದಷ್ಟು ಬೇಗ ಕಡಲ ಸಹಜ ಆಹಾರಕ್ಕೆ ಒಡ್ಡುವ ದಾರಿಗಳನ್ನು ಹುಡುಕಲಾಗಿದೆ. ತಳದಲ್ಲಿ ಜಾಲರಿಯಿರುವ ಕೊಳಗಗಳಲ್ಲಿ ಮರಿ ತುಂಬಿ, ಕೆಳಗಿನಿಂದ ಮೇಲಕ್ಕೆ ಹೊರಗಿನ ನೀರನ್ನು ಹರಿಸುವ ವಿಧಾನ ಒಂದು. ಮರಿ ಅಂಟಿದ ಹಗ್ಗವನ್ನು ಸಣ್ಣ ಕಣ್ಣಿನ ಬಲೆಚೀಲದಲ್ಲಿಟ್ಟು, ಮೀನು ಏಡಿಗಳ ಬಾಯಿಗೆ ಬೀಳದಂತೆ ಶಾಂತ ಅಳಿವೆಯಲ್ಲಿ ತೂಗುಹಾಕುವುದು ಇನ್ನೊಂದು. ಗೊಬ್ಬರ ಹಾಕಿ ಪಾಚಿ ಬೆಳೆಸಿದ ಹೊರಾಂಗಣ ಕೊಳದ ನೀರನ್ನು ಹಾಯಿಸುವುದು ಮತ್ತೊಂದು. ಬಿಸಿಲು ಯಥೇಚ್ಛವಾಗಿರುವ ಉಷ್ಣವಲಯದಲ್ಲಿ ಈ ಮೂರನೆಯ ದಾರಿ ಅಗ್ಗವಾದದ್ದು, ಸ್ಥಳೀಯ ಸೀಗಡಿ ಕೃಷಿಕರಿಗೆ ಪರಿಚಿತವೂ ಹೌದು. ಜಾಲರಿಯಲ್ಲಿ ಹೂಳು ಕಟ್ಟದಂತೆ ದಿನವೂ ತೊಳೆಯುವುದು ಮೂರಕ್ಕೂ ಸಮಾನವಾದ ಕೆಲಸ.

ಹಗ್ಗದಿಂದ ಕೊಯ್ಲಿಗೆ

ಬಿತ್ತನೆಗೆ ಬಂದ ಮರಿಯನ್ನು ಹಗ್ಗದ ಸುತ್ತ ಹರಡಿ, ಸೊಳ್ಳೆಪರದೆಯಂಥ ತೆಳು ಹತ್ತಿಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಒಂದು ಮೀಟರ್ ಹಗ್ಗಕ್ಕೆ 500ರಿಂದ 750 ಗ್ರಾಂ ಮರಿ ಬೇಕು. ಕೆಲವೇ ದಿನಗಳಲ್ಲಿ ಮರಿ ಬಿಸಸ್ ಎಳೆಯಿಂದ ಹಗ್ಗ ಹಿಡಿಯುತ್ತದೆ, ಬಟ್ಟೆ ಕರಗಿಹೋಗುತ್ತದೆ. ಅಳಿವೆಗಳಲ್ಲಿ ಬಿದಿರು, ಗಾಳಿಮರದ ಗಳಗಳ ಚಪ್ಪರ ಕಟ್ಟಿ, ತಳ ಮುಟ್ಟದಂತೆ ಹಗ್ಗ ಇಳಿಬಿಡುತ್ತಾರೆ. ತೆರೆದ ಕಡಲಿನಲ್ಲಿ ತೆಪ್ಪ ಅಥವಾ ತೇಲುಬುರುಡೆ ಕಟ್ಟಿದ ಉದ್ದಹಗ್ಗದ ವಿಧಾನವಿದೆ. ಐದಾರು ತಿಂಗಳಲ್ಲಿ ಚಿಪ್ಪು 70ರಿಂದ 80 ಮಿಲಿಮೀಟರಿಗೆ ಬೆಳೆದು ಮೀಟರಿಗೆ 8ರಿಂದ 12 ಕಿಲೋ ಇಳುವರಿ ಕೊಡುತ್ತದೆ. ಹೊರಗಿನಿಂದ ಯಾವ ಆಹಾರವನ್ನೂ ಹಾಕಬೇಕಾಗಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರಿನ ಹಿನ್ನೀರುಗಳಲ್ಲಿ ಮಹಿಳಾ ಸಂಘಗಳು ಈ ಕೃಷಿಯನ್ನು ಕೈಗೆತ್ತಿಕೊಂಡು ಬೆಳೆಸಿದವು.

ಪಚ್ಚಿಲೆ ನೀರಿನಲ್ಲಿರುವುದನ್ನೆಲ್ಲ ಸೋಸಿ ಮೈಯಲ್ಲಿ ಕೂಡಿಡುತ್ತದೆ. ಹಾನಿಕರ ಪಾಚಿ ಹೆಚ್ಚಿದಾಗ ಅದರ ವಿಷವೂ ಮಾಂಸದಲ್ಲಿ ಸೇರುತ್ತದೆ. 1997ರಲ್ಲಿ ವಿಳಿಂಜಂ ಪ್ರದೇಶದಲ್ಲಿ ಇಂಥ ಪಚ್ಚಿಲೆ ತಿಂದು ಸಾವುಗಳು ಸಂಭವಿಸಿದ್ದವು. ಆದ್ದರಿಂದ ಕೊಯ್ಲಿನ ನೀರಿನ ಪರೀಕ್ಷೆ, ಶುದ್ಧ ನೀರಿನಲ್ಲಿಟ್ಟು ಹೊಟ್ಟೆ ತೊಳೆಯುವ ಶುದ್ಧೀಕರಣ ಎರಡೂ ಈ ಉದ್ಯಮದ ಅಂಗ. ಶುದ್ಧೀಕರಣದಿಂದ ಬ್ಯಾಕ್ಟೀರಿಯಾಗಳು ತಗ್ಗುತ್ತವೆ; ಪಾಚಿಯ ವಿಷ ಅಷ್ಟು ಬೇಗ ಹೋಗದು.

ತಳಿಸುಧಾರಣೆ ಮತ್ತು ಎಚ್ಚರಗಳು

ಕಡಲಿನಿಂದ ತಂದ ಮರಿಯ ಕೃಷಿಯಲ್ಲಿ ತಳಿ ಆರಿಸಲು ಅವಕಾಶವಿಲ್ಲ. ಹ್ಯಾಚರಿ ಇದ್ದಲ್ಲಿ ಬೇಗ ಬೆಳೆಯುವ, ಬಿಸಿ ತಾಳುವ, ಮಾಂಸ ತುಂಬಿದ ತಂದೆತಾಯಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋಗಬಹುದು. ನ್ಯೂಜಿಲೆಂಡಿನ ಹ್ಯಾಚರಿಯ ಹಿಂದಿನ ಮುಖ್ಯ ಉದ್ದೇಶ ಇದೇ. ಇದರ ಮತ್ತೊಂದು ಮುಖವೂ ಇದೆ. ಒಂದು ಹೆಣ್ಣೇ ಹತ್ತಾರು ಲಕ್ಷ ಅಂಡ ಕೊಡುವುದರಿಂದ ಬೆರಳೆಣಿಕೆಯ ಚಿಪ್ಪುಗಳಿಂದ ಇಡೀ ಋತುವಿನ ಮರಿ ತೆಗೆಯುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದರೆ ಒಳಸಂತಾನದ ದೋಷಗಳು ಬಂದು, ಕೃಷಿಯಿಂದ ಕಡಲಿಗೆ ಸೇರುವ ಸಂತತಿಯ ಮೂಲಕ ಸಹಜ ಬಂಡೆಗಳ ವೈವಿಧ್ಯವೂ ಕುಗ್ಗಬಹುದು. ಹಲವು ಹೆಣ್ಣು, ಹಲವು ಗಂಡುಗಳನ್ನು ಪ್ರತಿಸಲವೂ ಬಳಸುವುದು ಇದಕ್ಕೆ ಪರಿಹಾರ.

ತನ್ನ ನೆಲೆಯಾಚೆ ಹಸಿರು ಪಚ್ಚಿಲೆ ಉಪದ್ರವಕಾರಿ. 1990ರಲ್ಲಿ ಟ್ರಿನಿಡಾಡಿನಲ್ಲಿ, 1999ರಲ್ಲಿ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಅದು ಕಾಣಿಸಿಕೊಂಡು, ವಿದ್ಯುತ್ ಸ್ಥಾವರಗಳ ನೀರಿನ ಕೊಳವೆಗಳನ್ನು ಮುಚ್ಚಿಹಾಕಿತು. ಎರಡು ಮೂರು ವಾರ ತೇಲಬಲ್ಲ ಡಿಂಭ ಹಡಗಿನ ನಿಲುಭಾರದ ನೀರಿನಲ್ಲಿ ಸಾಗರ ದಾಟಬಲ್ಲದು. ಆದ್ದರಿಂದ ಈ ಜೀವಿಯ ಹ್ಯಾಚರಿ ಅದರ ಸಹಜ ನೆಲೆಯೊಳಗೇ ಇರತಕ್ಕದ್ದು. ಹೊರಬಿಡುವ ನೀರನ್ನೂ ಸೋಸಿ, ಸಂಸ್ಕರಿಸಿ ಬಿಡತಕ್ಕದ್ದು.

ಕರ್ನಾಟಕದ ಸಂದರ್ಭ ಮತ್ತು ಮುನ್ನೋಟ

ಕರ್ನಾಟಕದ ಕರಾವಳಿಯಲ್ಲಿ ಕಾಳಿಯಿಂದ ನೇತ್ರಾವತಿಯವರೆಗೆ ಸಾಲುಸಾಲಾಗಿ ಅಳಿವೆಗಳಿವೆ. ಬಂಡೆಯ ಪಚ್ಚಿಲೆಯನ್ನು ತೆಗೆದು ಸುಕ್ಕ, ಗಸಿ ಮಾಡುವ ರೂಢಿ ತುಳುನಾಡಿನ ಮನೆಗಳಲ್ಲಿ ಹಳೆಯದು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಮತ್ತು ಕಾರವಾರ ಕೇಂದ್ರಗಳು ಅಳಿವೆಗಳಲ್ಲಿ ಪಚ್ಚಿಲೆ ಬೆಳೆಸುವುದನ್ನು ಪ್ರಾತ್ಯಕ್ಷಿಕೆಗಳ ಮೂಲಕ ಜನರಿಗೆ ಪರಿಚಯಿಸಿವೆ. ಇಲ್ಲಿಯೂ ಮಳೆಯ ಗಡುವು ಕೇರಳದಷ್ಟೇ ಬಿಗಿ. ಮರಿ ಸಕಾಲಕ್ಕೆ ಸಿಕ್ಕರೆ ಮಾತ್ರ ಬೆಳೆ.

ಬಂಡೆಯ ಮರಿ ಅಗ್ಗವಾಗಿ ಸಿಗುವವರೆಗೆ ಹ್ಯಾಚರಿಯ ಮರಿ ಬೆಲೆಯಲ್ಲಿ ಅದರೊಂದಿಗೆ ಸ್ಪರ್ಧಿಸಲಾರದು. ಕಿಲೋ ಲೆಕ್ಕದಲ್ಲಿ ಕಡಿಮೆ ಬೆಲೆಗೆ ಮಾರಾಟವಾಗುವ ಪಚ್ಚಿಲೆ ದುಬಾರಿ ಮರಿಯ ಭಾರ ಹೊರಲಾರದು. ಮುತ್ತಿನ ಸಿಂಪಿಯಲ್ಲಿ ಹ್ಯಾಚರಿ ಗೆದ್ದು ಪಚ್ಚಿಲೆಯಲ್ಲಿ ಹಿಂದುಳಿದಿರುವುದಕ್ಕೆ ಕಾರಣ ಇದೇ ಹೊರತು ವಿದ್ಯೆಯ ಕೊರತೆಯಲ್ಲ. ಆದರೆ ಬಂಡೆಯ ಮರಿಗೆ ಕೃಷಿಕ ಕೊಡುವ ಬೆಲೆಯಲ್ಲಿ ಬಂಡೆಗೆ ಆಗುವ ನಷ್ಟ ಸೇರಿಲ್ಲ. ಅದನ್ನು ಮುಳುಗುಗಾರರು ಮುಂದಿನ ವರ್ಷ ತೆರುತ್ತಾರೆ. ಆ ಲೆಕ್ಕವನ್ನೂ ಸೇರಿಸಿದರೆ ಸಾರ್ವಜನಿಕ ಹಣದಲ್ಲಿ ನಡೆಯುವ ಹ್ಯಾಚರಿಗೆ ಸ್ಪಷ್ಟವಾದ ಪಾತ್ರವಿದೆ. ಡಿಂಭಗಳನ್ನು ಅಂಟುವ ಹಂತಕ್ಕೆ ತರುವ ಸೂಕ್ಷ್ಮ ಕೆಲಸವನ್ನು ಕೇಂದ್ರೀಕೃತ ಹ್ಯಾಚರಿ ಮಾಡಿ, ಮರಿ ಹಿಡಿದ ಹಗ್ಗಗಳನ್ನು ಅಳಿವೆಯ ಮಹಿಳಾ ಸಂಘಗಳಿಗೆ ನರ್ಸರಿಗಾಗಿ ಹಂಚಿದರೆ, ದುಬಾರಿಯಾದ ಎರಡನೆಯ ಘಟ್ಟದ ಆಹಾರವನ್ನು ಅಳಿವೆಯೇ ಪೂರೈಸುತ್ತದೆ. ಮರಿ ವಿರಳವಾದ ವರ್ಷಗಳಲ್ಲಿ ಕೃಷಿ ನಿಲ್ಲದಂತೆ ನೋಡಿಕೊಳ್ಳುವುದು, ಕೆರೆದು ಬರಿದಾದ ಬಂಡೆಗಳಿಗೆ ಮರಳಿ ಮರಿ ಬಿಡುವುದು, ಒಳ್ಳೆಯ ತಳಿ ಕಾಪಾಡುವುದು ಈ ಮೂರು ಕೆಲಸಗಳಿಗೆ ಹ್ಯಾಚರಿಗೆ ಪರ್ಯಾಯವಿಲ್ಲ. ಲಾಭನಷ್ಟದ ಪಟ್ಟಿಯ ಜೊತೆಗೆ ಈ ಮೂರು ಕೆಲಸಗಳನ್ನೂ ಎಣಿಸಿಯೇ ಪಚ್ಚಿಲೆ ಹ್ಯಾಚರಿಯ ಬೆಲೆ ಕಟ್ಟಬೇಕು.